ಹಳೇ ಖಾನಾವಳಿ, ಅಸಲಿ ಹಳೇ ಖಾನಾವಳಿ

ಅರವತ್ತರ ದಶಕದ ಆರಂಭದಲ್ಲಿ ನಾನು ದಾಂಡೇಲಿಯಲ್ಲಿ ಗುಮಾಸ್ತನಾಗಿದ್ದೆ. ಮದುವೆಯಾಗಿರಲಿಲ್ಲ, ಎರಡು ಹೊತ್ತಿನ ಊಟ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ. ಹಳಿಯಾಳದ ಕಡೆಯ ವಿಧವೆಯೊಬ್ಬಳು ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದು ಅದನ್ನು ತೆರೆದಿದ್ದಳು. ಎಲ್ಲರೂ ಆಕೆಯನ್ನು ಅವ್ವ ಎನ್ನುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ. ಅದಕ್ಕಾಗಿ ಜೊಯಿಡಾದಿಂದ ಬರುವವರೂ ಇದ್ದರು.

ಮಕ್ಕಳು ದೊಡ್ಡವರಾದರು, ಆದರೆ ಒಲೆಯ ಹತ್ತಿರ ಹೋಗುವಷ್ಟಲ್ಲ. ಹಿರಿಯನಿಗೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಕೆಲಸ. ಕಿರಿಯನಿಗೆ ಆ ಕುರ್ಚಿ ತನಗೆ ಬೇಕು ಎನ್ನುವ ಕೆಲಸ. ಕೊನೆಗೆ ಇಬ್ಬರೂ ಸಾಮಿಲ್ಲಿನಿಂದ ಹಲಗೆ ತಂದು ಊಟದ ಕೋಣೆಯ ನಡುವೆ ಗೋಡೆ ನಿಲ್ಲಿಸಿದರು. ಹಿರಿಯ ತನ್ನ ಬಾಗಿಲಿಗೆ ‘ಹಳೇ ಖಾನಾವಳಿ’ ಎಂದು ಬರೆಸಿದ. ಕಿರಿಯ ‘ಅಸಲಿ ಹಳೇ ಖಾನಾವಳಿ’ ಎಂದು ಬರೆಸಿದ.

ನಾನು ಅಸಲಿಯ ಕಡೆ. ನಮ್ಮ ಹೆಡ್ ಕ್ಲಾರ್ಕ್ ಇನ್ನೊಂದು ಕಡೆ.

“ನಿಮ್ಮ ಕಡೆ ಎಣ್ಣೆಗಾಯಿಗೆ ಮಸಾಲಿನ ಇರಂಗಿಲ್ರಿ,” ಎನ್ನುತ್ತಿದ್ದೆ ನಾನು.

“ನಿಮ್ಮ ಕಡೆ ಕೊಡೂದು ರೊಟ್ಟಿ ಅಲ್ಲ, ರಟ್ಟು,” ಎನ್ನುತ್ತಿದ್ದರು ಅವರು.

ಫೈಲುಗಳು ಮೇಜಿನ ಮೇಲೆ ಧೂಳು ತಿನ್ನುತ್ತಿದ್ದವು. ಒಮ್ಮೆ ಹಿಂಡಿಪಲ್ಯದ ವಿಷಯಕ್ಕೆ ಮೂರು ದಿನ ಮಾತು ಬಿಟ್ಟೆವು.

ಒಂದು ಮಧ್ಯಾಹ್ನ ಕೈ ತೊಳೆಯಲು ನೀರಿಲ್ಲದೆ ಹಿತ್ತಲಿಗೆ ಹೋದೆ. ಅಲ್ಲಿಂದ ಕಂಡ ಅಡುಗೆಮನೆಯಲ್ಲಿ ನಡುವಿನ ಗೋಡೆಯೇ ಇರಲಿಲ್ಲ. ಅವ್ವ ಒಂದೇ ಒಲೆಯ ಮುಂದೆ ಕೂತು, ಒಂದೇ ಬೋಗುಣಿಯಿಂದ ಎರಡು ಪಾತ್ರೆಗಳಿಗೆ ಎಣ್ಣೆಗಾಯಿ ಹಾಕುತ್ತಿದ್ದಳು.

“ಯಾವ ಕಡೀದು ಚಲೋ ಆಗೇತ್ರಿ ಇವತ್ತ?” ಎಂದು ತಲೆಯೆತ್ತದೆ ಕೇಳಿದಳು.

ನಾನು ಕೈ ತೊಳೆದು ಬಂದೆ. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. ನಾಚಿಕೆಯೆಂದರೆ, ಸಂಜೆ ಮತ್ತೆ ಅಸಲಿಯಲ್ಲೇ ಕೂತು ಉಂಡಾಗ ರುಚಿ ಆಚೆಯದಕ್ಕಿಂತ ಒಂದು ಕೈ ಮೇಲೆಂದೇ ಅನ್ನಿಸಿತು.

ಆ ಮಳೆಗಾಲದಲ್ಲಿ ಒಣ ಕಟ್ಟಿಗೆ ತೀರಿತು. ತರುವ ಪಾಳಿ ನಿನ್ನದೆಂದು ಅಣ್ಣತಮ್ಮಂದಿರು ಗೋಡೆಯ ಎರಡೂ ಬದಿಯಿಂದ ಕೂಗಾಡಿದರು. ಅವ್ವ ಕೊಡಲಿ ಹಿಡಿದು ಒಳಗಿನಿಂದ ಬಂದು, ಉಣ್ಣಲು ಕೂತ ನಮ್ಮೆದುರೇ ಹಲಗೆ ಕೀಳತೊಡಗಿದಳು.

“ಅವ್ವಾ, ಅದು ಗ್ವಾಡಿ,” ಎಂದ ಹಿರಿಯ.

“ಕಟಿಗಿ,” ಎಂದಳು ಅವ್ವ.

ನಾಲ್ಕನೆಯ ಹಲಗೆ ಬಿದ್ದಾಗ ಆಚೆ ಹೆಡ್ ಕ್ಲಾರ್ಕ್ ಕಾಣಿಸಿದರು, ಬಾಯಿ ತುಂಬ ರೊಟ್ಟಿ. ನಾವಿಬ್ಬರೂ ತಾಟು ನೋಡಿಕೊಂಡು ಉಂಡೆವು. ಆ ಗೋಡೆಯಿಂದ ಮೂರು ದಿನದ ಅಡುಗೆಯಾಯಿತು. ಆಮೇಲೆ ಮಕ್ಕಳಿಬ್ಬರೂ ಪಾಳಿಯ ಪ್ರಕಾರ ಕಟ್ಟಿಗೆ ಒಡೆಯತೊಡಗಿದರು. ಇಬ್ಬರಿಗೂ ಒಡೆಯಲು ಬರುತ್ತಿರಲಿಲ್ಲ.