ಯಾರೂ ನೀರು ಸೇದದ ಮದಕ

ದೀಪಾವಳಿಯ ಮುನ್ನಾದಿನ. ನೀರು ತುಂಬುವ ಹಬ್ಬಕ್ಕೆಂದು ಬಚ್ಚಲಿನ ತಾಮ್ರದ ಹಂಡೆಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕುತ್ತಿದ್ದೆ. ಕೆಳಮನೆಯ ಹೆಂಗಸು ಬೇಲಿಯ ಆಚೆಯಿಂದಲೇ ಕೂಗಿದಳು: “ಅಕ್ಕಾ, ನಿಮ್ಮ ಭಾವ ಮದಕದ ದಂಡೆ ಕಡಿಸ್ತಾ ಇದ್ದಾರೆ. ನೀರೆಲ್ಲ ತೋಡಿಗೆ ಹೋಗ್ತಾ ಉಂಟು!”

ಭಾವ ಎಂದರೆ ನನ್ನ ಗಂಡನ ಅಣ್ಣ, ಮನೆಯ ಯಜಮಾನರು. ತೋಡು ಎಂದರೆ ಗುಡ್ಡದ ಬುಡದಲ್ಲಿ ಹರಿಯುವ ಹಳ್ಳ. ಮದಕ ಎಂದರೆ ಮನೆಯ ಹಿಂದಿನ ಗುಡ್ಡದಲ್ಲಿ ಮಳೆನೀರು ನಿಲ್ಲಲೆಂದು ಹಿರಿಯರು ಮಣ್ಣಿನ ದಂಡೆ ಕಟ್ಟಿ ಮಾಡಿದ ಹೊಂಡ. ಅದರಿಂದ ಯಾರೂ ನೀರು ಸೇದುವುದಿಲ್ಲ, ಗದ್ದೆಗೂ ಬಿಡುವುದಿಲ್ಲ. ನನ್ನ ತವರು ಮೂಡುಬಿದಿರೆ. ಅಲ್ಲಿ ಕೆರೆ ಎಂದರೆ ಕಲ್ಲಿನ ಮೆಟ್ಟಿಲು, ಮೀಯುವವರು, ಬಟ್ಟೆ ಒಗೆಯುವವರು. ವಾಮದಪದವಿನ ಈ ಮನೆಗೆ ಮದುವೆಯಾಗಿ ಬಂದ ಹೊಸತರಲ್ಲಿ, ಈ ಕೆಸರು ಹೊಂಡ ಯಾಕೆ ಎಂದು ಅತ್ತೆಯನ್ನು ಕೇಳಿದ್ದೆ. “ಮೇಲೆ ನಿಂತರೆ ಕೆಳಗೆ ಉಂಟು,” ಎಂದಿದ್ದರು ಅವರು. ಅಲ್ಲಿ ನಿಂತ ನೀರು ನೆಲಕ್ಕಿಳಿದು ಬೇಸಗೆಯಲ್ಲಿ ಕೆಳಗಿನ ಬಾವಿಗಳಿಗೆ ಒರತೆಯಾಗಿ ಬರುತ್ತದೆ ಎಂದು ಅದರ ಅರ್ಥ. ಅತ್ತೆ ಇರುವವರೆಗೆ, ಮಳೆಗೆ ಮೊದಲು ಮನೆಗೊಬ್ಬರು ಬಂದು ಹೂಳು ತೆಗೆಯಲೇಬೇಕಿತ್ತು. ಅವರು ತೀರಿಕೊಂಡ ಮೇಲೆ ಕೇಳುವವರಿಲ್ಲ. ತುಂಬಿದ ಹೂಳಿನ ಮೇಲೆ ಭಾವನ ಕಣ್ಣು ಬಿತ್ತು. ಹೆಚ್ಚು ಭತ್ತ ಬೆಳೆಯಿರಿ ಎಂದು ಸರಕಾರವೇ ಹೇಳುತ್ತಿದ್ದ ಕಾಲ. ನೀರು ಬಿಟ್ಟು ಹೊಂಡವನ್ನೇ ಗದ್ದೆ ಮಾಡಿದರೆ, ಮಳೆಗಾಲ ಕಳೆದ ಮೇಲಿನ ಸುಗ್ಗಿ ಬೆಳೆಗೆ ಅಂಥ ಮಣ್ಣು ಬೇರೆಲ್ಲಿ ಸಿಕ್ಕೀತು?

ಭಾವನ ಎದುರು ನಿಂತು ಮಾತಾಡುವ ಕ್ರಮ ನಮ್ಮಲ್ಲಿರಲಿಲ್ಲ. ಮಧ್ಯಾಹ್ನ ಅಣ್ಣತಮ್ಮ ಊಟಕ್ಕೆ ಕೂತಾಗ, ಬಾಗಿಲ ಮರೆಯಿಂದ ಗಂಡನಿಗೆ ಹೇಳುವ ಹಾಗೆ ಹೇಳಿದೆ: “ಬೇಸಗೆಯಲ್ಲಿ ಬಾವಿಗೆ ನೀರು ಎಲ್ಲಿಂದ ಅಂತ ಕೇಳಿ.”

“ಮದಕದಿಂದ ಯಾರಾದರೂ ಒಂದು ಕೊಡ ನೀರು ತಂದದ್ದುಂಟಾ? ಮೊದಲು ಅದನ್ನು ಹೇಳಲಿ,” ಎಂದರು ಭಾವ, ಅವರೂ ನನ್ನ ಗಂಡನಿಗೇ.

“ಹಾಲು ಕುಡಿಯುವವರು ಯಾರೂ ಹುಲ್ಲು ತಿನ್ನುವುದಿಲ್ಲ. ಹಾಗಂತ ದನಕ್ಕೆ ಹುಲ್ಲು ಬೇಡವಾ?”

ಭಾವ ನಕ್ಕುಬಿಟ್ಟರು. “ನಿನ್ನ ಹೆಂಡತಿಯನ್ನು ಬಂಟ್ವಾಳದ ಕೋರ್ಟಿಗೆ ಕಳಿಸುವ ಮಾರಾಯ, ಒಳ್ಳೆ ವಕೀಲಿಕೆ!” ನನ್ನ ಗಂಡ ತಲೆ ಎತ್ತದೆ ಮಜ್ಜಿಗೆ ಅನ್ನ ಕಲಸುತ್ತಲೇ ಇದ್ದರು. ನೆನೆದರೆ ಈಗಲೂ ಸಿಟ್ಟು ಬರುವುದು ಆ ಕಲಸುವುದಕ್ಕೆ.

ಸಂಜೆ ಹಂಡೆಗೆ ಹೂ ಸುತ್ತಿ, ಬಾವಿಕಟ್ಟೆಯಲ್ಲಿ ದೀಪ ಇಟ್ಟು ನೀರು ತುಂಬಿದೆವು. ಕೈಮುಗಿಯುವಾಗ ನಾಚಿಕೆಯಾಯಿತು. ಗುಡ್ಡದ ಮೇಲೆ ನೀರಿನ ಗಂಟಲು ಕೊಯ್ದು, ಕೆಳಗೆ ಅದಕ್ಕೇ ಹೂವು.

ಸುಗ್ಗಿ ಬೆಳೆ ಚೆನ್ನಾಗಿಯೇ ಬಂತು, ಸುಳ್ಳು ಹೇಳಬಾರದು. ಆದರೆ ಶಿವರಾತ್ರಿ ಕಳೆಯುವಷ್ಟರಲ್ಲಿ ಬಾವಿಯ ಹಗ್ಗಕ್ಕೆ ಇನ್ನೊಂದು ಹಗ್ಗ ಗಂಟು ಹಾಕಬೇಕಾಯಿತು. ನಡುಬೇಸಗೆಯ ಬಿಸು ಹಬ್ಬದ ಹೊತ್ತಿಗೆ ಕೊಡಪಾನ ತಳದ ಕಲ್ಲಿಗೆ ತಾಗಿ ಠಣ್ಣೆಂದಿತು. ಕೆಳಮನೆಯ ಬಾವಿ ಅದಕ್ಕೂ ಮೊದಲೇ ಬತ್ತಿತ್ತು. ಖಾಲಿ ಕೊಡ ಹಿಡಿದು ಬಂದ ಆ ಹೆಂಗಸು ನಮ್ಮ ಬಾವಿಗೆ ಬಗ್ಗಿ ನೋಡಿ, “ಸುಗ್ಗಿ ಅಕ್ಕಿ ಉಂಟಲ್ಲ ಅಕ್ಕಾ, ಬೇಯಿಸಲಿಕ್ಕೆ ನೀರೂ ಬೇಕಾ ನಿಮಗೆ?” ಎಂದು ಚುಚ್ಚಿ ತೋಡಿನ ಕಡೆ ನಡೆದಳು. ನಾನೂ ಕೊಡ ಎತ್ತಿಕೊಂಡು ಅವಳ ಹಿಂದೆಯೇ ಹೋದೆ. ತೋಡಿನ ಮರಳು ಬಗೆದು, ಒಸರಿದ್ದನ್ನು ತೆಂಗಿನ ಗೆರಟೆಯಲ್ಲಿ ಮೊಗೆದು ತರಬೇಕಿತ್ತು.

ಭಾವ ಬಾವಿ ಆಳ ಮಾಡಿಸಿದರು. ಕೆಂಪು ಮುರಕಲ್ಲು ಮುಗಿದು, ಅಡಿಯ ಬಿಳಿ ಶೇಡಿ ಮಣ್ಣು ಸಿಕ್ಕಿತು. ನೀರೇನೋ ಬಂತು, ಅಕ್ಕಿ ತೊಳೆದ ನೀರಿನ ಹಾಗೆ. ಬದಿ ಕುಸಿಯಲಿಲ್ಲ, ಒಳಗಿಳಿದವರು ಜೀವಸಹಿತ ಮೇಲೆ ಬಂದರು. ದೇವರು ಅಷ್ಟು ನಡೆಸಿಕೊಟ್ಟ.

ಮಳೆ ಹತ್ತಿರ ಬಂದಾಗ ಭಾವ ಯಾರಿಗೂ ಹೇಳದೆ ದಂಡೆ ಕಟ್ಟಿಸಿದರು. ಹಿಂದಿನ ಎತ್ತರಕ್ಕಲ್ಲ, ಅದರ ಅರ್ಧಕ್ಕೆ. ಹೊಂಡದೊಳಗೆ ಮೇಲಿನ ಬದಿಗೆ ಮಾಡಿದ ತುಂಡು ಗದ್ದೆ ಮುಳುಗಬಾರದಲ್ಲ!

“ಇನ್ನು ಸಮಾಧಾನವಾ ಅಂತ ಕೇಳು,” ಎಂದರು ನನ್ನ ಗಂಡನಿಗೆ.

“ದಂಡೆ ಎಷ್ಟೋ ಸಮಾಧಾನವೂ ಅಷ್ಟೇ, ಅರ್ಧ ಅಂತ ಹೇಳಿ,” ಎಂದೆ ಒಳಗಿನಿಂದ.

ಈ ಸಲ ಭಾವ ನಗಲಿಲ್ಲ. ದಂಡೆಯನ್ನು ಎತ್ತರಿಸಲೂ ಇಲ್ಲ. ಅವರು ಕೈತೊಳೆದು ಹೋದ ಮೇಲೆ, ತಿಳಿಯಾಗಲೆಂದು ಬೆಳಗ್ಗೆಯೇ ಇಟ್ಟಿದ್ದ ನೀರನ್ನು, ತಳದ ಬಿಳಿ ಕದಡದಂತೆ ಮೆಲ್ಲನೆ ಬಗ್ಗಿಸಿ, ಒಗೆದ ಪಂಚೆಯಲ್ಲಿ ಸೋಸಿ, ರಾತ್ರಿಯ ಗಂಜಿಗೆ ಒಲೆಯ ಮೇಲಿಟ್ಟೆ.