ಕೂದಲು ಯಾವ ಬಣ್ಣ?

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ಹೊಗೆಸೊಪ್ಪಿನ ಅಂಟು ಹಿಡಿದು ಕಪ್ಪಾಗಿತ್ತು. ಸಿಹಿಜೋಳದ ಕಾಳಿಗೆ ಅದನ್ನು ಚುಚ್ಚಿ, ಒಸರಿದ್ದನ್ನು ನಾಲಿಗೆಗೆ ತಾಗಿಸಿಕೊಳ್ಳುತ್ತಿದ್ದರು. "ನೀರು ಬಂದ್ರೆ ಎಳೇದು, ಹಿಟ್ಟಾದ್ರೆ ಬಲ್ತೋಯ್ತು. ಹಾಲು ಬಂದಾಗ್ಲೇ ಮುರೀಬೇಕು ಕಣವ್ವ" ಎನ್ನುವರು.

ನಾನು ಹುಣಸೂರು ಪೇಟೆಯವಳು. ಪಿರಿಯಾಪಟ್ಟಣದ ಕಡೆಯ ಆ ಹಳ್ಳಿಗೆ ಸೊಸೆಯಾಗಿ ಹೋದಾಗ ಹಿತ್ತಲಲ್ಲಿ ನಾಲ್ಕು ಸಾಲು ಸಿಹಿಜೋಳವಿತ್ತು. ದಿನವೂ ಸಂಜೆ ಅತ್ತೆ ನನ್ನನ್ನು ಅಲ್ಲಿಗೆ ಕರೆದೊಯ್ದು, ತೆನೆಯ ಎದುರಿಗೇ ನಿಂತು ಕೇಳುವರು: "ಕೂದ್ಲು ಯಾವ್ ಬಣ್ಣ ಐತೆ ಮಗಾ?"

ಕಣ್ಣ ಮುಂದೆಯೇ ಇದೆಯಲ್ಲ! ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಪರೀಕ್ಷೆ ಮಾಡುತ್ತಿದ್ದಾರೋ, ಪೇಟೆಯವಳೆಂದು ಅಣಕಿಸುತ್ತಿದ್ದಾರೋ? 'ಇನ್ನೂ ಬಿಳಿ' ಎಂದರೆ, "ಅಂಗಾದ್ರೆ ಇರ್ಲಿ ಬುಡು" ಎಂದು ಹೊರಟುಬಿಡುವರು.

ಒಂದು ಸಂಜೆ ರೇಗಿ, "ಪೂರ್ತಿ ಕಂದಾಗಿದೆ ಅತ್ತೆ" ಎಂದುಬಿಟ್ಟೆ. ಅವರು ತಡವುತ್ತ ಆರು ತೆನೆ ಮುರಿದರು. ಒಂದರ ಸಿಪ್ಪೆ ಸುಲಿದು ಉಗುರು ಚುಚ್ಚಿದರು. ಬರೀ ನೀರು.

"ಯಾಕ್ ಮಗಾ ಸುಳ್ಳೇಳ್ದೆ? ನಂಗೆ ಕಾಣಾಕಿಲ್ಲ ಕಣವ್ವ. ಎಲ್ಲಾ ಮಬ್ಬು ಮಬ್ಬು."

ನನಗೆ ನಾಚಿಕೆಯಾಯಿತು. ಅವರು ನನ್ನ ಕೈ ಹಿಡಿದರು. "ನಿನ್ ಗಂಡಂಗೆ ಯೋಳ್ಬ್ಯಾಡ. ಗೊತ್ತಾದ್ರೆ ನನ್ನ ಮೂಲೇಲಿ ಕೂರುಸ್ತಾನೆ."

ಹೇಳಲಿಲ್ಲ. ಅಂದಿನಿಂದ ನೋಡುವುದು ನನ್ನ ಕೆಲಸ, ಮುಟ್ಟುವುದು ಅವರದು. ಕೂದಲು ಕಂದಾಗಿ ಒಣಗಿರಬೇಕು, ಸಿಪ್ಪೆ ಹಸಿರಾಗಿಯೇ ಇರಬೇಕು, ತೆನೆಯ ತುದಿ ಬೆರಳಿಗೆ ದುಂಡಗೆ ಸಿಗಬೇಕು. ಎಲ್ಲ ಕಲಿಸಿದರು. ಹೊಲಕ್ಕೂ ನನ್ನ ಹೆಜ್ಜೆಯ ಸದ್ದು ಹಿಡಿದೇ ಬರುತ್ತಿದ್ದರು. ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಮರುವರ್ಷ ಬಾವಿಕಟ್ಟೆಯ ಬಳಿ ಎಡವಿ ಬಿದ್ದರು. ಮೈಸೂರಿನ ಕಣ್ಣಿನ ಡಾಕ್ಟರು ನೋಡಿ, "ನರ ಒಣಗಿಹೋಗಿದೆ. ಒಂದು ವರ್ಷ ಮೊದಲು ಬಂದಿದ್ದರೆ ಆಗ ಇದ್ದಷ್ಟನ್ನಾದರೂ ಉಳಿಸಬಹುದಿತ್ತು" ಎಂದರು.

ನನ್ನ ಗಂಡ ನನ್ನತ್ತ ತಿರುಗಿದರು. "ನಿಂಗೆ ಗೊತ್ತಿತ್ತಾ?"

ಹೌದೆಂದು ತಲೆಯಾಡಿಸಿದೆ. ಅವರು ಬಾಯಿ ತೆರೆಯುವ ಮೊದಲೇ ಅತ್ತೆ, "ಅವಳ್ನ ಅನ್ಬ್ಯಾಡ ಕಣ್ಲಾ. ನಿನ್ ತಲೆ ಮ್ಯಾಲೆ ಆಣೆ ಆಕುಸ್ಕೊಂಡಿದ್ದೆ" ಎಂದರು.

ಅಂಥ ಆಣೆಯನ್ನು ಅವರು ಹಾಕಿಸಿಕೊಂಡೇ ಇರಲಿಲ್ಲ.

ಆಮೇಲೆ ನಾಲ್ಕು ವರ್ಷ ಪೂರಾ ಕತ್ತಲಲ್ಲಿ ಬದುಕಿ ತೀರಿಕೊಂಡರು. ಒಂದು ದಿನವೂ ನನ್ನನ್ನು ದೂರಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅವರಿಗೆ ಒಂದು ವರ್ಷದ ಹೊಲ ಕೊಟ್ಟೆನೋ, ಕಣ್ಣು ಕಿತ್ತುಕೊಂಡೆನೋ ನನಗೆ ಇವತ್ತಿಗೂ ತಿಳಿದಿಲ್ಲ. ಅವರನ್ನೇ ಕೇಳಬಹುದಾಗಿದ್ದ ನಾಲ್ಕು ವರ್ಷವೂ ಕೇಳುವ ಧೈರ್ಯವಾಗಲಿಲ್ಲ.