ಮಾರಿದ ಮನೆಯಂಗಳದಲ್ಲಿ ನಮ್ಮ ಹಪ್ಪಳ

ಕಳೆದ ವಾರ ನಾನು ಹಾಡುಹಗಲೇ ಬೇರೆಯವರ ಮನೆಯ ಹಿಂಬಾಗಿಲಿನ ಚಿಲಕ ತೆಗೆದು ಅಡುಗೆಮನೆಗೆ ನುಗ್ಗಿದೆ.

ನುಗ್ಗಿದ್ದಷ್ಟೇ ಅಲ್ಲ. ಚಪ್ಪಲಿ ಬಿಟ್ಟು, ಕೊಡೆಯನ್ನು ಮೂಲೆಗೆ ಒರಗಿಸಿ, ನೀರಿನ ಹೂಜಿಯ ಕಡೆಗೆ ಕೈಯನ್ನೂ ಚಾಚಿದ್ದೆ. ಹೂಜಿ ಇರಲಿಲ್ಲ. ಅಲ್ಲೊಂದು ಮಿಕ್ಸಿ ಇತ್ತು. ಮಿಕ್ಸಿಯ ಆಚೆ ಕೈಯಲ್ಲಿ ಸೌಟು ಹಿಡಿದ ಹುಡುಗಿಯೊಬ್ಬಳು ನಿಂತಿದ್ದಳು. “ಆರಾ?” ಎಂದು ಮಲಯಾಳದಲ್ಲಿ ಕಿರುಚಿದಳು. ಯಾರು ಅಂತ.

ಐವತ್ತು ದಾಟಿದ, ಕನ್ನಡಕ ಹಾಕಿದ, ವಾರ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವ ಹೆಂಗಸು ಹೀಗೆ ಸಿಕ್ಕಿಬೀಳಬಹುದೇ? ಬೀಳಬಹುದು. ಅದಕ್ಕೆ ಕಾರಣ ಒಂದು ನನ್ನ ಅಮ್ಮ, ಇನ್ನೊಂದು ಹಲಸು.

ಬಂದ್ಯೋಡಿನ ಹೆದ್ದಾರಿಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನಾನು ಹುಟ್ಟಿ ಬೆಳೆದ ಮನೆ ಉಂಟು. ಅಪ್ಪ ಕಟ್ಟಿಸಿದ್ದು. ದೈವಗಳೆಲ್ಲ ಕುಟುಂಬದ ಮೂಲಮನೆಯಾದ ತರವಾಡಿನಲ್ಲಿ ಸುಖವಾಗಿ ಇರುವುದರಿಂದ ಇದನ್ನು ಮಾರಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅಪ್ಪ ತೀರಿಕೊಂಡು ಬಹಳ ಕಾಲವಾಯಿತು. ಹೆದ್ದಾರಿ ಅಗಲವಾದ ಮೇಲೆ ರಸ್ತೆಯಾಚೆಯ ಅಂಗಡಿಯಿಂದ ಒಂದು ಪೊಟ್ಟಣ ಉಪ್ಪು ತರಲು ಅಮ್ಮನಿಗೆ ಆಟೋ ಬೇಕಾಗುತ್ತಿತ್ತು. ಕಳೆದ ವರ್ಷ ಅವರು ಅಣ್ಣನ ಜೊತೆ ಕಾಸರಗೋಡು ಪೇಟೆಯ ಫ್ಲ್ಯಾಟಿಗೆ ಹೋದರು. ಹೋದ ವಾರಕ್ಕೇ ಲಿಫ್ಟಿನಲ್ಲಿ ನಾಲ್ಕು ಜನ ಸ್ನೇಹಿತೆಯರನ್ನು ಮಾಡಿಕೊಂಡರು. ಹಾಗಾಗಿ ಮನೆ ಮಾರುವ ಮಾತು ಬಂದಾಗ ಅಮ್ಮ ಅಳುತ್ತಾರೇನೋ ಎಂದು ನಾವು ಹೆದರಿದ್ದು ದಂಡವಾಯಿತು. “ಮಾರಿ. ಹಂಚು ಹೊದೆಸುವ ಜನ ಈಗ ಸಿಗುವುದಿಲ್ಲ” ಎಂದರು. ಅಷ್ಟೇ. (ನಮ್ಮ ಮನೆಯ ಮಾತು ತುಳು. ನಿಮಗಾಗಿ ಕನ್ನಡ ಮಾಡಿದ್ದೇನೆ. ಅಮ್ಮನ ಮಾತಿನ ಅರ್ಧ ಖಾರ ಅಲ್ಲಿಯೇ ಹೋಯಿತು.)

ಕೊಂಡವರು ಹಮೀದಿಚ್ಚ. ಇಚ್ಚ ಎಂದರೆ ನಮ್ಮ ಕಡೆ ಅಣ್ಣ. ಗಲ್ಫಿನಲ್ಲಿ ದುಡಿದು ಊರಿಗೆ ಮರಳಿದವರು. ಅವರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದಲೂ ಅಮ್ಮನಿಗೆ ಗೊತ್ತು. ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಬೀಗದ ಕೈ ಕೊಡುವುದೆಂದು ಮಾತಾಯಿತು.

ಅದಕ್ಕೆ ಮೊದಲಿನ ಶನಿವಾರ, ಭಾನುವಾರ ಎಲ್ಲರೂ ಸೇರಬೇಕು, ಮನೆಗೆ ಸೆಂಡ್‌ಆಫ್ ಕೊಡಬೇಕು ಎಂದು ಹೊರಟವನು ನನ್ನ ತಮ್ಮ ಹರೀಶ. ಇರುವುದು ಶಾರ್ಜಾದಲ್ಲಿ. ಅಲ್ಲಿಂದಲೇ ವಾಟ್ಸಾಪ್ ಗ್ರೂಪ್ ಮಾಡಿದ. ಅದಕ್ಕೊಂದು ಲೋಗೋ ಮಾಡಿಸಿದ. ಎಲ್ಲರ ಅಳತೆ ಕೇಳಿ ಹಳದಿ ಟೀ ಶರ್ಟ್ ಹೊಲಿಸಿದ. ಎದೆಯ ಮೇಲೆ ಇಂಗ್ಲಿಷಿನಲ್ಲಿ “ಅವರ್ ಹೋಮ್ ಫಾರೆವರ್” ಎಂದು ಬರೆಸಿದ್ದ.

ಸೋಮವಾರ ಬೀಗದ ಕೈ ಕೊಡುವ ಮನೆಗೆ ಫಾರೆವರ್! ಇದನ್ನು ಹೇಳಿದ್ದಕ್ಕೆ ಗ್ರೂಪಿನಲ್ಲಿ ನನಗೆ ನೆಗೆಟಿವ್ ಎಂಬ ಬಿರುದು ಸಿಕ್ಕಿತು.

ಇಷ್ಟು ಗೌಜಿಯಲ್ಲಿ ನಾನು ಬಯಸಿದ್ದು ಒಂದೇ. ಅಡುಗೆಮನೆಯ ಹಿಂದಿನ ಮೆಟ್ಟಿಲಿನ ಮೇಲೆ ಸ್ವಲ್ಪ ಹೊತ್ತು ಒಬ್ಬಳೇ ಕೂತುಕೊಳ್ಳಬೇಕು. ಶಾಲೆಯಿಂದ ಬಂದು ಪಾಠ ಓದುತ್ತಿದ್ದದ್ದು ಅಲ್ಲಿ. ಅಮ್ಮ ಬೂತಾಯಿ ಮೀನು ಸರಿ ಮಾಡುವಾಗ ಬೆಕ್ಕನ್ನು ಓಡಿಸುತ್ತಿದ್ದದ್ದು ಅಲ್ಲಿ. ಅಪ್ಪ ಹೋದ ದಿನ ಚಾವಡಿ ತುಂಬ ಜನ ಇದ್ದಾಗ ನಾನು ಹೋಗಿ ಕೂತದ್ದೂ ಅಲ್ಲಿಯೇ. ಆ ಮೆಟ್ಟಿಲಿಗೆ “ಹೋಗಿ ಬರ್ತೇನೆ” ಎನ್ನಬೇಕಿತ್ತು. ಬರುವುದಿಲ್ಲ ಎಂದು ಗೊತ್ತಿದ್ದರೂ ಹಾಗೆಯೇ ಹೇಳಬೇಕಿತ್ತು. ಇದು ದೊಡ್ಡ ಆಸೆಯೇ?

ಮೆಟ್ಟಿಲು ಹತ್ತಿದರೆ ಅಡುಗೆಮನೆಯ ಬಾಗಿಲು. ಒಳಗಿನಿಂದ ಮರದ ಚಿಲಕ. ಹಲಗೆ ಒಣಗಿ ಸಂದು ಬಿಟ್ಟು, ಹೊರಗಿನಿಂದ ಎರಡು ಬೆರಳು ತೂರಿಸಿ ಎತ್ತಿದರೆ ಚಿಲಕ ತೆರೆಯುತ್ತದೆ. ಮನೆಯವರಿಗೆ ಮಾತ್ರ ಗೊತ್ತು. “ನಾಳೆ ಆಚಾರಿಯನ್ನು ಕರೆದು ಸರಿ ಮಾಡಿಸುವ” ಎಂದು ಅಪ್ಪ ಹೇಳುತ್ತಿದ್ದರು. ಕೊನೆಯವರೆಗೂ ಹೇಳುತ್ತಲೇ ಇದ್ದರು. ಮುಂಬಾಗಿಲಿನಿಂದ ಬರುತ್ತಿದ್ದವರು ನೆಂಟರು, ಪೋಸ್ಟ್‌ಮ್ಯಾನ್. ನಾವು ಯಾವಾಗಲೂ ಹಿಂದಿನಿಂದ.

ಶನಿವಾರ ನಾನು ಮಂಗಳೂರಿನಿಂದ ಬಂದು ತಲುಪುವಾಗ ನನ್ನ ಮೆಟ್ಟಿಲು ಕಾಣಲಿಲ್ಲ. ಅದರ ಮೇಲೆ ಹಲಸಿನ ಗುಡ್ಡೆ ಇತ್ತು.

“ಎಂತಮ್ಮ ಇದು?”

“ಎಂತ ಅಂದ್ರೆ? ಹಲಸು. ಮರ ತುಂಬ ಉಂಟು. ಬಿಟ್ಟು ಹೋಗುವುದಾ? ಹಪ್ಪಳ ಮಾಡುವ.”

“ಹಮೀದಿಚ್ಚ ತಿನ್ನಲಿ, ಅಮ್ಮ.”

“ತಿನ್ನಲಿ. ಮುಂದಿನ ವರ್ಷದಿಂದ. ಈ ವರ್ಷದ್ದು ನಮ್ಮದು.”

ಬಂದವರಿಗೆಲ್ಲ ಕೆಲಸ ಹಂಚಿದ್ದಾಯಿತು. ಹಳದಿ ಟೀ ಶರ್ಟಿನವರೆಲ್ಲ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸೊಳೆ ಬಿಡಿಸಲು ಕೂತರು. ಕೂತದ್ದೆಲ್ಲಿ? ನನ್ನ ಮೆಟ್ಟಿಲಿನಲ್ಲಿ ಮತ್ತು ಅದರ ಸುತ್ತ. ಸಂಜೆಯಾದರೂ ಕದಲಲಿಲ್ಲ. ಸೆಂಡ್‌ಆಫಿಗೆ ಅಂತ ನಾನೊಂದು ಪುಟ್ಟ ಭಾಷಣವನ್ನೂ ಮನಸ್ಸಿನಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಮೇಣ ಮೆತ್ತಿದ ಕೈಗಳಿಗೆ ಚಪ್ಪಾಳೆ ತಟ್ಟಲಿಕ್ಕೂ ಆಗುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಮೆಟ್ಟಿಲು ಖಾಲಿಯಾಗಿತ್ತು. ಓಡಿ ಹೋಗಿ ಕೂತೆ. ಕೂತು ಉಸಿರು ಬಿಡುವುದರೊಳಗೆ ಹರೀಶ ಬಂದ. “ಅಕ್ಕಾ, ಇಲ್ಲಿ ಪ್ಲಗ್ ಪಾಯಿಂಟ್ ಎಲ್ಲಿ ಉಂಟು?” ಅವನ ಡ್ರೋನಿಗೆ ಚಾರ್ಜ್ ಬೇಕಂತೆ. ಅವನನ್ನು ಕಳಿಸಿದೆ. ಅತ್ತಿಗೆ ಬಂದರು. “ನೀನು ಇಲ್ಲಿ ಎಂತ ಮಾಡ್ತಿ ಮಾರಾಯ್ತಿ? ಸೊಳೆ ಬೆಂದಾಯ್ತು, ಬಾ.” ಅವರ ಹಿಂದೆಯೇ ಅಮ್ಮನ ಸ್ವರ: “ಅವಳಿಗೆ ಕೂತುಕೊಳ್ಳಲಿಕ್ಕೆ ಮಂಗಳೂರಿನಲ್ಲಿ ಜಾಗ ಇಲ್ವಾ?”

ನಿಜವಾಗಿ ಸಿಟ್ಟು ಬಂತು. ಅಳುವೂ ಬಂತು. ಎರಡಕ್ಕೂ ಪುರುಸೊತ್ತು ಇರಲಿಲ್ಲ. ಬೆಂದ ಸೊಳೆಗೆ ಉಪ್ಪು, ಮೆಣಸು, ಜೀರಿಗೆ ಹಾಕಿ ರುಬ್ಬಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿದೆವು. ಒತ್ತಿದ್ದನ್ನು ಅಂಗಳದಲ್ಲಿ ಚಾಪೆಯ ಮೇಲೆ ಹರಡಿದೆವು. ಮಕ್ಕಳು ಹಸಿ ಹಿಟ್ಟನ್ನೇ ಕದ್ದು ತಿಂದರು, ನಾವು ತಿನ್ನುತ್ತಿದ್ದ ಹಾಗೆಯೇ. ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹರೀಶನ ಡ್ರೋನು ಮೇಲೆ ಹಾರಿ ವಿಡಿಯೋ ಮಾಡಿತು. ಮೇಲಿನಿಂದ ಮನೆ ಕಾಣುವುದೇ ಇಲ್ಲ, ಬರೀ ಹಪ್ಪಳ. ಅಮ್ಮ ತಲೆಯೆತ್ತಿ ನೋಡಿ ಮೆಚ್ಚಿದರು. “ಇದು ಒಳ್ಳೆದುಂಟು. ಒಂದು ಕಾಗೆಯೂ ಹತ್ತಿರ ಬರುವುದಿಲ್ಲ.”

ಆಗ ಅಣ್ಣ ಕೇಳಿದ. “ಅಲ್ಲ, ಬೀಗದ ಕೈ ಕೊಡುವುದು ನಾಳೆ ಬೆಳಿಗ್ಗೆ ಅಲ್ವಾ?”

ಎಲ್ಲರೂ ಅಂಗಳದ ಕಡೆ ತಿರುಗಿದರು.

ಹಲಸಿನ ಹಪ್ಪಳಕ್ಕೆ ಮೂರು ಬಿಸಿಲು ಬೇಕು. ಇದು ನಮ್ಮ ಕಡೆ ಮಾತು ಬರುವ ಮೊದಲೇ ಮಕ್ಕಳಿಗೆ ಗೊತ್ತಾಗುವ ವಿಷಯ. ಅಲ್ಲಿ ಇದ್ದವರೆಲ್ಲ ಅದನ್ನು ತಿಂದು ಬೆಳೆದವರು. ಡಿಗ್ರಿಗಳಿಗೂ ಕೊರತೆ ಇರಲಿಲ್ಲ. ಒಬ್ಬರಿಗಾದರೂ ಹೊಳೆಯಬಾರದೇ? ಬೇರೆಡೆ ಒಯ್ಯುವ ಹಾಗೂ ಇಲ್ಲ, ಅರೆ ಒಣಗಿದ್ದು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ. ಅಣ್ಣನ ಬಾಲ್ಕನಿಗೆ ಬಿಸಿಲು ಬೀಳುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ ಒಂದು ಕರ್ಚೀಫು ಒಣಹಾಕಿದರೂ ನೋಟಿಸ್ ಬರುತ್ತದೆ. “ಓವನ್‌ನಲ್ಲಿ ಇಟ್ಟರೆ?” ಎಂದು ಹರೀಶ ಹೇಳಿದ. ಅಮ್ಮ ಅವನನ್ನು ನೋಡಿದ ರೀತಿಗೆ ಅವನು ಆ ಕ್ಷಣವೇ ಶಾರ್ಜಾಕ್ಕೆ ಹೋಗಬೇಕಿತ್ತು.

ನನಗೆ ಅನಿಸುವುದು, ನಾವು ಮರೆತದ್ದು ಹಪ್ಪಳದ ಲೆಕ್ಕವನ್ನಲ್ಲ. ಮನೆ ಮಾರಿದ್ದನ್ನೇ ಮರೆತಿದ್ದೆವು. ಟೀ ಶರ್ಟ್, ಲೋಗೋ, ವಿಡಿಯೋ ಎಲ್ಲ ಮಾಡಿ ವಿದಾಯ ಹೇಳುತ್ತಿದ್ದವರಿಗೆ ಅಂಗಳ ನಾಳೆಯೂ ನಮ್ಮದೇ ಎನ್ನುವ ಧೈರ್ಯ ಒಳಗಿನಿಂದ ಹೋಗಿರಲಿಲ್ಲ.

ಸೋಮವಾರ ಹಮೀದಿಚ್ಚ ಹೆಂಡತಿ ಆಯಿಷಾ ಜೊತೆ ಬಂದರು. ಬೀಗದ ಕೈ ಕೊಡುವ ಫೋಟೋಕ್ಕೆ ಎಲ್ಲರೂ ನಿಂತರು. ನಿಂತದ್ದು ಗೇಟಿನ ಹೊರಗೆ, ಒಳಗೆ ಜಾಗ ಎಲ್ಲಿತ್ತು? ಕಣ್ಣು ಒರೆಸಿಕೊಳ್ಳಲು ನಾನು ಸೆರಗು ಹುಡುಕುತ್ತಿದ್ದೆ. ಅಮ್ಮ ಶುರು ಮಾಡಿದರು.

“ಹಮೀದಾ, ಮನೆ ನಿನ್ನದು. ಅಂಗಳ ಮಾತ್ರ ಇನ್ನೆರಡು ದಿನ ನನಗೆ ಬೇಕು.”

“ಅದಕ್ಕೆಂತಮ್ಮಾ, ಒಣಗಲಿ. ನಾವು ಹಿಂದಿನಿಂದ ಹೋಗಿ ಬರ್ತೇವೆ” ಎಂದರು ಆ ಪುಣ್ಯಾತ್ಮರು.

“ಆಯಿಷಾ, ನಾಳೆ ತಿರುಗಿಸಿ ಹಾಕ್ಬೇಕು. ಮೂರು ಗಂಟೆಗೆ ಒಳಗೆ ತೆಗಿ. ಮಂಜು ತಾಗಬಾರದು.”

ಇದು ನನ್ನ ಅಮ್ಮ ಮದುವೆಯಾಗಿ ಬಂದು ಮೂರು ಮಕ್ಕಳನ್ನು ಹೆತ್ತ ಮನೆಗೆ ಹೇಳಿದ ವಿದಾಯ. ಹಿಂತಿರುಗಿ ನೋಡಲಿಲ್ಲ. ಕಾರಿನಲ್ಲಿ ಕೂತು ಎಸಿ ಜಾಸ್ತಿ ಮಾಡಲು ಹೇಳಿದರು. ನನಗೆ ಆ ಹೊತ್ತಿಗೆ ಅವರ ಮೇಲೆ ಬಂದ ಕೋಪವನ್ನು ಇಲ್ಲಿ ಬರೆಯುವ ಹಾಗಿಲ್ಲ. ಕಲ್ಲಾ ಇವರ ಮನಸ್ಸು? ಮೆಟ್ಟಿಲನ್ನು ನೋಡಲಿಕ್ಕೂ ಬಿಡದೆ ನನ್ನನ್ನು ಹಪ್ಪಳ ಒತ್ತಿಸಿದರಲ್ಲ!

ಗುರುವಾರ ಅಮ್ಮನ ಫೋನ್ ಬಂತು. ಹಪ್ಪಳ ಒಣಗಿದೆಯಂತೆ, ಹೋಗಿ ತರಬೇಕಂತೆ.

“ಅಣ್ಣ ಹತ್ತಿರ ಇದ್ದಾನಲ್ಲ?”

“ಅವನಿಗೆ ಕೆಲಸ ಉಂಟು. ಬರೆಯುವವಳಿಗೆ ಎಂತ ಕೆಲಸ?”

ಹೊರಡುವಾಗ ಗೊಣಗಿದೆ. ಬಸ್ಸಿನಲ್ಲಿ ಮನಸ್ಸು ಹಗುರಾಯಿತು. ಯೋಚಿಸಿ ನೋಡಿ, ಟೀ ಶರ್ಟ್ ಇಲ್ಲ, ಡ್ರೋನ್ ಇಲ್ಲ, ಅಮ್ಮ ಇಲ್ಲ. ಕೊನೆಗೂ ನನ್ನ ಮೆಟ್ಟಿಲು ನನಗೆ ಸಿಗುತ್ತದೆ. ಬಂದ್ಯೋಡಿನಲ್ಲಿ ಇಳಿದು, ಬಿಸಿಲಿಗೆ ಕೊಡೆ ಬಿಡಿಸಿ, ಏನೇನೋ ನೆನೆಯುತ್ತ ನಡೆದೆ. ಕಾಲು ತಾನಾಗಿಯೇ ಹಿತ್ತಿಲಿಗೆ ತಿರುಗಿತು. ಬೆರಳು ತಾನಾಗಿಯೇ ಸಂದಿಗೆ ಹೋಯಿತು. ಮುಂದಿನದ್ದನ್ನು ಮೊದಲೇ ಹೇಳಿದ್ದೇನೆ.

ಸೌಟಿನ ಹುಡುಗಿ ಹಮೀದಿಚ್ಚರ ಸೊಸೆ. ಅವಳ ಕೂಗಿಗೆ ಆಯಿಷಾ ಓಡಿ ಬಂದರು. ಹಿಂದೆಯೇ ಹಮೀದಿಚ್ಚ. ನನ್ನನ್ನು ಕಂಡು ಅವರಿಬ್ಬರಿಗೂ ನಗು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

“ನೀವು ಎಂತ ಹಿಂದಿನಿಂದ ಬಂದದ್ದು? ಬನ್ನಿ, ಬನ್ನಿ” ಎಂದು ಆಯಿಷಾ ಕೈ ಹಿಡಿದು ಚಾವಡಿಗೆ ಕರೆದುಕೊಂಡು ಹೋದರು. ಹೊಸ ಸೋಫಾದ ಮೇಲೆ ಕೂರಿಸಿದರು. ಪ್ಲಾಸ್ಟಿಕ್ ಕವರನ್ನು ಇನ್ನೂ ತೆಗೆದಿರಲಿಲ್ಲ. ಲಿಂಬೆ ಶರಬತ್ತು ಬಂತು, ಖರ್ಜೂರ ಬಂತು. ಆ ಹುಡುಗಿಯೂ ಬಂದು ನಾಚಿಕೊಂಡು ನಿಂತಳು. ಡಬ್ಬಗಳಲ್ಲಿ ತುಂಬಿಟ್ಟ ಹಪ್ಪಳವನ್ನು ಆಯಿಷಾ ತೆಗೆದು ತೋರಿಸಿದರು. ಒಂದೂ ಮುರಿದಿರಲಿಲ್ಲ.

“ಅಮ್ಮ ದಿನಾ ಫೋನ್ ಮಾಡ್ತಾರೆ” ಎಂದರು. “ಹಪ್ಪಳ ತಿರುಗಿಸಿದ್ಯಾ ಅಂತ ಕೇಳ್ತಾರೆ. ಮತ್ತೆ ಬಾವಿಕಟ್ಟೆ ಜಾರ್ತದೆ ಅಂತಾರೆ, ಪಡುವಣ ಕಿಟಕಿ ಮಳೆಗೆ ಮೊದಲು ಮುಚ್ಚು ಅಂತಾರೆ. ನಿನ್ನೆ ಒಂದು ಗಂಟೆ ಮಾತಾಡಿದ್ರು.”

ಒಂದು ಗಂಟೆ! ನನ್ನ ಜೊತೆ ಎರಡು ನಿಮಿಷಕ್ಕೆ ಫೋನ್ ಇಡುವ ಅಮ್ಮ! ಅಂದರೆ ನಮ್ಮನ್ನೆಲ್ಲ ಹಲಸಿನ ಮೇಣದಲ್ಲಿ ಮುಳುಗಿಸಿ, ತಾನು ಮಾತ್ರ ದಿನಾ ಫೋನಿನಲ್ಲಿ ಮನೆಯ ಮೂಲೆ ಮೂಲೆ ಸುತ್ತಿ ಬರುತ್ತಿದ್ದಾರೆ. ಕಾರಿನಲ್ಲಿ ಕಲ್ಲು ಎಂದುಕೊಂಡಿದ್ದೆನಲ್ಲ, ಮಹಾ ಜಾಣೆ!

ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಹಿಂದಿನ ಮೆಟ್ಟಿಲಿನಲ್ಲಿ ಸ್ವಲ್ಪ ಹೊತ್ತು ಕೂರಬಹುದಾ?”

ಆಯಿಷಾರ ಮುಖವೇ ಬಾಡಿತು. “ಅಯ್ಯೋ, ಎಂತ ಹೇಳ್ತೀರಿ ನೀವು! ಮನೆಗೆ ಬಂದವರನ್ನು ಹಿತ್ತಿಲಲ್ಲಿ ಕೂರಿಸುವುದಾ? ಅಮ್ಮ ಕೇಳಿದರೆ ನಮಗೆ ಎಂತ ಹೇಳಿಯಾರು? ಇಲ್ಲೇ ಫ್ಯಾನಿನ ಅಡಿಯಲ್ಲಿ ಕೂತುಕೊಳ್ಳಿ.” ಫ್ಯಾನಿನ ಸ್ಪೀಡು ಜಾಸ್ತಿ ಮಾಡಿದರು. ಇಂಥ ಪ್ರೀತಿಯ ಜೊತೆ ಹೇಗೆ ಜಗಳ ಮಾಡುವುದು? ಇನ್ನೊಂದು ಲೋಟ ಶರಬತ್ತು ಕುಡಿದೆ.

ಹೊರಟಾಗ ಮುಂಬಾಗಿಲಿನಿಂದಲೇ ಕಳಿಸಿಕೊಟ್ಟರು. ನನ್ನ ಚಪ್ಪಲಿ, ಕೊಡೆ ಎರಡನ್ನೂ ಸೊಸೆ ಹಿಂದಿನಿಂದ ತಂದು ಮುಂದೆ ಇಟ್ಟಳು. ಹಪ್ಪಳದ ಡಬ್ಬಗಳನ್ನು ಆಟೋದಲ್ಲಿ ಇಡುತ್ತ ಹಮೀದಿಚ್ಚ ಸಂಕೋಚದಿಂದ ಕೇಳಿದರು.

“ಬೇಜಾರು ಮಾಡ್ಬಾರ್ದು. ಆ ಹಿಂದಿನ ಚಿಲಕ ಬದಲಾಯಿಸಬೇಕು ಅಂತ ಉಂಟು. ಹುಡುಗಿ ಹೆದರಿದ್ದಾಳೆ.”

“ನಾಳೆಯೇ ಬದಲಾಯಿಸಿ” ಎಂದೆ. ಇಲ್ಲದಿದ್ದರೆ ಯಾರು ಬೇಕಾದರೂ ಒಳಗೆ ಬಂದುಬಿಡುತ್ತಾರೆ, ಅಲ್ಲವೇ?